ತಗ್ಗು ಸೇತುವೆಯೂ ಕಾರಿನ ಮೇಲಿನ ಸೈಕಲ್ಲೂ

ಡಿಪೋದಲ್ಲಿ ಎಲ್ಲರೂ ಅವನನ್ನು ಡಬಲ್ಲಣ್ಣ ಅಂತಲೇ ಕರೆಯುತ್ತಿದ್ದದ್ದು. ಸರ್ವೀಸಿನ ಉದ್ದಕ್ಕೂ ಡಬಲ್ ಡೆಕ್ಕರ್ ಬಸ್ಸನ್ನೇ ಓಡಿಸಿದ ಆಸಾಮಿ. ನೆತ್ತಿಯ ಮೇಲೆ ಇನ್ನೊಂದು ಬಸ್ಸು ಹೊತ್ತು ಓಡಾಡುವವನಿಗೆ ಊರೇ ಬೇರೆ ಥರ ಕಾಣುತ್ತದೆ, ನೋಡಿ. ನಮಗೆ ನಿಮಗೆ ರಸ್ತೆಯ ಗುಂಡಿ ಕಂಡರೆ ಅವನಿಗೆ ಕಾಣುವುದು ಮರದ ಕೊಂಬೆ, ಕರೆಂಟಿನ ತಂತಿ, ಅಂಗಡಿಯ ಬೋರ್ಡು. ಅವನ ರೂಟಿನಲ್ಲಿ ಒಂದು ತಗ್ಗು ರೈಲ್ವೆ ಸೇತುವೆ ಇತ್ತು. ಕೆಳಗೆ ನುಗ್ಗಿದರೆ ಆಚೆ ಬದಿ ಇಲ್ಲೇ. ಆದರೆ ಡಬಲ್ ಡೆಕ್ಕರ್ ಅಲ್ಲಿ ಹಿಡಿಸಬೇಕಲ್ಲ! ದಿನಾ ಅದರ ಬಾಯಿಯವರೆಗೆ ಹೋಗಿ, ಎಡಕ್ಕೆ ತಿರುಗಿಸಿ, ಮಾರ್ಕೆಟ್ಟಿನ ಗದ್ದಲವನ್ನೆಲ್ಲ ಸುತ್ತಬೇಕು. ಸ್ಕೂಟರಿನವರು, ತಳ್ಳುಗಾಡಿಯವರು ಕಣ್ಣೆದುರಿಗೇ ಸಲೀಸಾಗಿ ಒಳಗೆ ಹೋಗುತ್ತಿದ್ದರೆ ಇವನಿಗೆ ಹೊಟ್ಟೆ ಉರಿಯುತ್ತಿತ್ತು. ಬಸ್ಸಿಗೆ ಒಂದು ಗೀರೂ ಬೀಳಿಸದೆ ರಿಟೈರ್ ಆದ, ಹೊಟ್ಟೆಯುರಿ ಮಾತ್ರ ಹಾಗೇ ಉಳಿಯಿತು.

ರಿಟೈರ್ ಆದದ್ದೇ ತಡ, ಒಂದು ಹಳೆಯ ಪುಟ್ಟ ಕಾರು ತಂದು ಮನೆ ಮುಂದೆ ನಿಲ್ಲಿಸಿದ.

"ಇದರಲ್ಲಿ ಎಲ್ಲಿಗೆ ಹೋಗೋದು?" ಎಂದಳು ಹೆಂಡತಿ.

"ಸೇತುವೆ ಕೆಳಗೆ," ಎಂದ.

ತಮಾಷೆ ಅಂದುಕೊಂಡಳು, ಪಾಪ. ಹಾಲು ತರೋಕೆ, ಕ್ಷೌರಕ್ಕೆ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡೋಕೆ, ಎಲ್ಲಿಗೆ ಹೊರಟರೂ ದಾರಿ ಸೇತುವೆಯ ಕೆಳಗೇ. ಒಳಗೆ ನುಗ್ಗುವಾಗ ಒಂದು ಹಾರ್ನ್ ಬೇರೆ.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಅವನಿಗೆ. ಅವಳಿಗೆ ಸೈಕಲ್ ರೇಸಿನ ಹುಚ್ಚು. ಕ್ಲಬ್ಬಿನವರು ನಂಬಿ ಒಂದು ರೇಸ್ ಸೈಕಲ್ ಕೊಟ್ಟಿದ್ದರು. ಆ ಭಾನುವಾರ ಊರಾಚೆ ಆಯ್ಕೆಯ ರೇಸ್. ಮುಂದೆ ಬಂದವರು ತಂಡಕ್ಕೆ ಸೇರುತ್ತಾರೆ. ಉಳಿದವರು ಬಾಯಿ ಮುಚ್ಚಿಕೊಂಡು ಇನ್ನೊಂದು ವರ್ಷ ಪೆಡಲ್ ತುಳಿಯಬೇಕು. ಇದಕ್ಕಾಗಿ ಅವಳು ವರ್ಷವಿಡೀ ನಿದ್ದೆಗೆಟ್ಟಿದ್ದಳು. "ಬೇರೆಯವರ ವ್ಯಾನು ಯಾಕೆ, ನಾನಿಲ್ವಾ?" ಎಂದು ಡಬಲ್ಲಣ್ಣ ಕಾರಿನ ತಲೆಗೆ ಹೊಸ ಕ್ಯಾರಿಯರ್ ಹಾಕಿಸಿದ.

ಭಾನುವಾರ ಬೆಳಿಗ್ಗೆ ಅವನು ಸೈಕಲ್ ಕಟ್ಟಿದ್ದನ್ನು ನೋಡಬೇಕಿತ್ತು. ಮುಂದಿನ ಚಕ್ರ ಬಿಚ್ಚಿ ಡಿಕ್ಕಿಗೆ ಹಾಕಿದ. ದಾರಿಯಲ್ಲಿ ಹಾರಿ ಯಾರ ಬುರುಡೆಗಾದರೂ ಬಿದ್ದೀತೆಂದು ಪಂಪು, ನೀರಿನ ಬಾಟಲಿ ಎರಡನ್ನೂ ತೆಗೆದ. ಪಟ್ಟಿ ಬಿಗಿದು, ಅದರ ತುದಿ ಗಾಳಿಗೆ ಪಟಪಟ ಅನ್ನದ ಹಾಗೆ ಸುತ್ತಿ ಸಿಕ್ಕಿಸಿದ. ಆಮೇಲೆ ಸೈಕಲ್ ಹಿಡಿದು ಅಲ್ಲಾಡಿಸಿದ. ಕಾರು ಅಲ್ಲಾಡಿತು, ಸೈಕಲ್ ಅಲ್ಲಾಡಲಿಲ್ಲ.

"ಸೈಕಲ್ ಕಟ್ತಿದೀರೋ, ಕಳ್ಳನ್ನ ಕಟ್ತಿದೀರೋ?" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

"ಸರಿಯಾಗಿ ಕಟ್ಟದೆ ಎಷ್ಟು ಸೈಕಲ್ ಹಾರಿಹೋಗಿವೆ ಗೊತ್ತೇನೆ ನಿನಗೆ?"

"ಎಷ್ಟು?"

ಡಬಲ್ಲಣ್ಣ ಕಾರು ಹತ್ತಿದ.

ಬೀದಿಯ ತಿರುವಿನಲ್ಲಿ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿದ. ಪೆಟ್ರೋಲ್ ಬಂಕಿನ ಹತ್ತಿರ ಮತ್ತೆ ನೋಡಿದ. ಮಗಳು ಹಿಂದಿನ ಸೀಟಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೇತುವೆ ಕಂಡಿತು. ಡಬಲ್ಲಣ್ಣನ ಮುಖ ಅರಳಿತು. ಹಾರ್ನ್ ಹೊಡೆದು, ಎಂದಿನ ಹಾಗೆ ನುಗ್ಗಿಸಿದ.

ಧಡಾರ್ ಅಂತ ಸದ್ದಾಯಿತು. ಅವನಿಗೆ ಮೊದಲು ಹೊಳೆದದ್ದು, ಯಾವನೋ ಅಡ್ಡಕಸುಬಿ ಡಬಲ್ ಡೆಕ್ಕರ್ ತಂದು ಸೇತುವೆಗೆ ಗುದ್ದಿದ ಅಂತ. ಬೈಯೋಣವೆಂದು ಕನ್ನಡಿಯಲ್ಲಿ ನೋಡಿದ. ಬಸ್ಸು ಇರಲಿಲ್ಲ. ಹಿಂದಿನ ಗಾಜಿಗೆ ಸೈಕಲ್ಲಿನ ಹ್ಯಾಂಡಲ್ ಜೋತಾಡುತ್ತಿತ್ತು.

ಇಬ್ಬರೂ ಇಳಿದು ನೋಡಿದರು. ಕ್ಯಾರಿಯರ್ ಬೋಲ್ಟ್ ಸಮೇತ ಕಿತ್ತು ಬಂದಿತ್ತು. ಸೈಕಲ್ಲಿನ ಚೌಕಟ್ಟು ಸೊಟ್ಟಗಾಗಿ ಬಿರುಕು ಬಿಟ್ಟಿತ್ತು. ಪಟ್ಟಿ ಮಾತ್ರ ಒಂದು ಚೂರೂ ಸಡಿಲವಾಗಿರಲಿಲ್ಲ. ಡಬಲ್ಲಣ್ಣ ಮಗಳ ಕಡೆ ತಿರುಗಿದ.

"ಬೈಯಮ್ಮ ನನಗೆ. ಬಾಯಿಗೆ ಬಂದ ಹಾಗೆ ಬೈ."

ಮಗಳು ಬೈಯಲಿಲ್ಲ. ಮುರಿದ ಕಡೆ ಬೆರಳಾಡಿಸಿ, "ನನಗೆ ಕಾಣ್ತಿತ್ತಪ್ಪ," ಎಂದಳು. "ಮೇಲೆ ಸೈಕಲ್ ಇದೆ ಅಂತ ಹೇಳೋಕೆ ಬಾಯಿ ತೆರೆದೆ. ಆಮೇಲೆ, ಈ ಸೇತುವೆ ವಿಷಯ ನಿನಗೆ ನಾನು ಹೇಳಿಕೊಡೋದಾ ಅಂತ ಸುಮ್ಮನಾದೆ." ಅಷ್ಟು ಹೇಳಿ ಅತ್ತಳು. ರಸ್ತೆಯಲ್ಲಿ ನಿಂತೇ, ಚಿಕ್ಕ ಮಗುವಿನ ಹಾಗೆ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

ಮುರಿದ ಸೈಕಲ್ಲನ್ನು ಹಿಂದಿನ ಸೀಟಿಗೆ ತುರುಕಿ ಮೈದಾನಕ್ಕೆ ಹೋದರು. ಅವಳ ಅಳತೆಯ ಇನ್ನೊಂದು ಸೈಕಲ್ ಯಾರ ಬಳಿಯೂ ಇರಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು ಕ್ಲಬ್ಬಿನ ಮೇಷ್ಟ್ರು. ಡಬಲ್ಲಣ್ಣನಿಗೆ ಅಲ್ಲಿಂದ ಓಡಿಹೋದರೆ ಸಾಕಾಗಿತ್ತು. ಮಗಳು ಹೊರಡಲಿಲ್ಲ. ರೇಸಿನ ದಾರಿಗೆ ಕಟ್ಟಿದ್ದ ಹಗ್ಗದ ಪಕ್ಕ ನಿಂತು, ಗೆಳತಿಯರು ಹಾದುಹೋದಾಗಲೆಲ್ಲ ಗಂಟಲು ಕಟ್ಟುವ ತನಕ ಕೂಗಿದಳು.

ವಾಪಸ್ ಹೊರಟಾಗ ಮಾರ್ಕೆಟ್ಟಿನ ದಾರಿ ಹಿಡಿದ. ಮಗಳು ಈಗ ಮುಂದೆ, ಅವನ ಪಕ್ಕದಲ್ಲಿ ಕೂತಿದ್ದಳು. ಒಂದು ಹುಣಸೆ ಮರದ ಕೊಂಬೆ ರಸ್ತೆಗೆ ಬಾಗಿದ್ದ ಕಡೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೇಲೆ ನೋಡಿ, "ರೈಟ್, ಹೋಗಪ್ಪ," ಎಂದಳು. ಮುಂದೆ ಒಂದು ತಂತಿ ಬಂತು. ಮತ್ತೆ ತಲೆ ಹಾಕಿ ನೋಡಿದಳು.

ಕಾರಿನ ಮೇಲೆ ಏನೂ ಇರಲಿಲ್ಲ. ಡಬಲ್ಲಣ್ಣ ಅದನ್ನು ಹೇಳಲಿಲ್ಲ. ಪ್ರತಿ ಸಲವೂ ಬ್ರೇಕ್ ಒತ್ತಿ, ಅವಳು "ರೈಟ್" ಅನ್ನುವ ತನಕ ಕಾದು, ಆಮೇಲೆ ಹೋದ.