ಹೆಚ್ಚಿಗೆ ಇದ್ದ ಡಬ್ಬಿಗೂ ಕುಂಕುಮ

ಮೊರದಲ್ಲಿ ರಾಗಿ ಕೇರುತ್ತಿದ್ದೆ. ಗುಲಾಬಿ ಶೆಡ್ಡಿನಿಂದ ಯಜಮಾನರ ಫೋನ್ ಬಂತು. "ಮುಂದಿನ ಸಾಲೆಲ್ಲ ಬಾಡ್ಹೋಗಿದೆ ಕಣೇ. ಯಾರೋ ಬೇಕಂತ ಮಾಡವ್ರೆ. ಎಂಜಿನಿಯರ್ ಬಂದವ್ರೆ, ಕಾಫಿ ತಗೊಂಡ್ ಬಾ."

ವಿಮಾನ ನಿಲ್ದಾಣ ಬಂದು ಹೂ ಹೊರಗೆ ಕಳಿಸುವುದು ಸುಲಭವಾದ ಮೇಲೆ ನಾವೂ ಆವತಿ ಊರಿನ ಹತ್ತಿರದ ಹೊಲದಲ್ಲಿ ಗುಲಾಬಿ ಹಾಕಿದ್ದೆವು. ಪಾತಿಗಳಲ್ಲಿ ಮಣ್ಣಿನ ತೇವ ನೋಡುವ ಪುಟ್ಟ ಸೆನ್ಸರ್ ಡಬ್ಬಿಗಳಿದ್ದವು. ತಂತಿಯಿಲ್ಲದೆ ಒಂದು ಇನ್ನೊಂದಕ್ಕೆ ಸುದ್ದಿ ದಾಟಿಸಿ ಮೋಟರಿಗೆ ಮುಟ್ಟಿಸುತ್ತಿದ್ದವು. ಮಣ್ಣು ಒಣಗಿದರೆ ಮೋಟರು ಆ ಸಾಲಿಗೆ ತಾನಾಗಿ ಹನಿನೀರು ಬಿಡುತ್ತಿತ್ತು.

ನಾನು ಕಾಫಿ ಫ್ಲಾಸ್ಕ್ ಹಿಡಿದು ಹೋದಾಗ, ಡಬ್ಬಿ ಕೂರಿಸಿದ ಕಂಪನಿಯ ಎಂಜಿನಿಯರ್ ಒಂದು ಡಬ್ಬಿ ಹಿಡಿದು ನಿಂತಿದ್ದರು. "ಇದು ನಮ್ದಲ್ಲಮ್ಮ. ಯಾರೋ ತಂದು ನೆಟ್ಟಿದ್ದಾರೆ. ಮಣ್ಣು ಒದ್ದೆ ಇದೆ ಅಂತ ಸುಳ್ಳು ಹೇಳ್ತಾ ಇತ್ತು. ಮೋಟರ್ ನಂಬ್ಕೊಂಡು ಮುಂದಿನ ಸಾಲಿಗೆ ನೀರೇ ಬಿಡ್ಲಿಲ್ಲ."

ಯಜಮಾನರು ಹೂ ಕೊಯ್ಯುವ ಹೆಂಗಸಿನ ಕಡೆ ತಿರುಗಿದರು. "ದಿನಾ ಒಳಗಿರೋಳು ನೀನೊಬ್ಳೇ. ಯಾರು ಕೊಟ್ರು ಇದನ್ನ? ನಾಳೆಯಿಂದ ಬರ್ಬೇಡ."

"ದೇವ್ರಾಣೆ ಗೊತ್ತಿಲ್ಲ ಅಣ್ಣ," ಎಂದಳು ಆಕೆ.

ಎಂಜಿನಿಯರ್ "ನಮ್ದಲ್ಲ" ಎಂದಾಗಲೇ ನನಗೆ ನೆನಪಾಗಿತ್ತು. ಹೋದ ವಾರ ಆಯುಧಪೂಜೆಯ ದಿನ ಡಬ್ಬಿಗೊಂದರಂತೆ ಎಣಿಸಿ ಚೆಂಡುಹೂ ಒಯ್ದಿದ್ದೆ. ಒಂದು ಹೂ ಸಾಲಲಿಲ್ಲ. ಡಬ್ಬಿ ಯಾಕೆ ಹೆಚ್ಚಾಯಿತು ಎಂದು ಕೇಳಬೇಕಿತ್ತು. ಕೇಳದೆ, ಹಬ್ಬದ ದಿನ ಯಾವುದನ್ನೂ ಬಿಡಬಾರದೆಂದು ಒಂದು ಹೂವನ್ನು ಎರಡು ಮಾಡಿ, ಅದಕ್ಕೂ ಕುಂಕುಮವಿಟ್ಟು ಕೈಮುಗಿದಿದ್ದೆ.

"ಅವಳನ್ನ ಬೈಬೇಡಿ," ಎಂದೆ. "ಆಯುಧಪೂಜೆ ದಿನವೇ ಅದು ಅಲ್ಲಿತ್ತು. ಕುಂಕುಮ ಇಟ್ಟೋಳು ನಾನೇ. ಇವಳು ಸೇರಿದ್ದು ಹಬ್ಬ ಕಳೆದ್ಮೇಲಲ್ವಾ?"

ಯಜಮಾನರು ಹಣೆ ಉಜ್ಜಿಕೊಂಡರು. "ಕಳ್ಳನಿಗೂ ಪೂಜೆ ಮಾಡ್ಬಿಟ್ಯಾ ತಾಯಿ?"

ಎಂಜಿನಿಯರ್ ನಗು ತಡೆದುಕೊಂಡು, "ತಪ್ಪು ನಮ್ದೂ ಇದೆ. ಇನ್ಮೇಲೆ ಒಂದೊಂದು ಡಬ್ಬಿಗೂ ಅದರದೇ ಗುಟ್ಟಿನ ಸಂಖ್ಯೆ ಕೊಡ್ತೀವಿ. ಅದು ಹೇಳ್ದೆ ಇರೋ ಡಬ್ಬಿ ಮಾತನ್ನ ಮೋಟರ್ ಕೇಳಲ್ಲ. ಹೊಸದು ಕಂಡ್ರೆ ನೀವೂ ಒಂದ್ ಮಾತು ಹೇಳಿ," ಎಂದರು.

ನೆಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹಿಂದಿನ ಸಾಲುಗಳು ಉಳಿದವು, ಅವಳ ಕೆಲಸ ಉಳಿಯಿತು. ಎರಡೂ ದೇವರು ಕೊಟ್ಟಿದ್ದು. ಆದರೆ ಅವಳು ಆಣೆ ಇಡುವ ತನಕ ನಾನು ಫ್ಲಾಸ್ಕ್ ಹಿಡಿದು ಸುಮ್ಮನೆ ನಿಂತಿದ್ದೆನಲ್ಲ, ಅದಕ್ಕೆ ಯಾವ ದೇವರನ್ನೂ ಮುಂದೆ ಮಾಡಲಾರೆ.

ಆ ದಿನ ಕಾಫಿಯ ಮೊದಲ ಲೋಟ ಅವಳಿಗೇ ಕೊಟ್ಟೆ. ನನ್ನ ಮುಖ ನೋಡದೆ ತೆಗೆದುಕೊಂಡಳು.

"ಮಧ್ಯಾಹ್ನ ಊಟಕ್ಕೆ ಮನೆಗೆ ಬಾರೇ."

"ನೋಡ್ತೀನಿ ಅಕ್ಕ."

ಬರುತ್ತಾಳೋ ಇಲ್ಲವೋ ತಿಳಿಯದೆ ಮನೆಗೆ ಬಂದು, ಅವಳದೂ ಸೇರಿಸಿ ಮುದ್ದೆಗೆ ಎಸರಿಟ್ಟೆ.