ಜಂತುಹುಳದ ಮಾತ್ರೆಯೂ ನಮ್ಮ ಪುಡಿಯಮ್ಮನೂ

ನಮ್ಮ ಅತ್ತೆಗೆ ಹೆತ್ತವರು ಇಟ್ಟ ಚೆಂದದ ಹೆಸರೊಂದಿದೆ. ಆದರೆ ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿಂತು ಆ ಹೆಸರು ಹೇಳಿದರೆ ಕಾವಲುಗಾರ ತಲೆ ಕೆರೆದುಕೊಳ್ಳುತ್ತಾನೆ. ‘ಪುಡಿಯಮ್ಮ’ ಅಂದರೆ ಸಾಕು, ಎದ್ದು ಬಂದು ದಾರಿ ತೋರಿಸುತ್ತಾನೆ. ಅವನ ಮಗಳೂ ಅತ್ತೆಯ ಕಂಕುಳಲ್ಲೇ ಬೆಳೆದವಳು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರಿಗೆ ಈ ಹೆಸರಿರಲಿಲ್ಲ. ಅದು ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಹಾಗಾಗಿ ಹೇಳುವ ಹಕ್ಕೂ ನನ್ನದೇ ಅಂದುಕೊಂಡಿದ್ದೇನೆ.

ಅತ್ತೆ ಮೊದಲು ಹೊಲಿಗೆ ಕೆಲಸದವರು. ಅಂಗಿಯ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ. ವರ್ಷಗಟ್ಟಲೆ ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ನೋಡಿ ನೋಡಿ ಕಣ್ಣು ಮಂಜಾಯಿತು, ಸೂಜಿ ಬೆರಳಿಗೇ ಇಳಿಯತೊಡಗಿತು. ಇನ್ನೇನು ಮನೆಗೆ ಕಳಿಸುತ್ತಾರೆ ಎಂದು ಅವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ, ಕಾರ್ಖಾನೆಯವರು ಹಿಂಬದಿಯ ಮಕ್ಕಳ ಕೋಣೆಗೆ ಆಯಾ ಆಗಿ ಹಾಕಿದರು. ಕೆಲಸಕ್ಕೆ ಬರುವ ತಾಯಂದಿರು ತಮ್ಮ ಚಿಕ್ಕ ಮಕ್ಕಳನ್ನು ಸಂಜೆಯವರೆಗೆ ಬಿಟ್ಟುಹೋಗುವ ಜಾಗ ಅದು. ನಾನು ಅದೇ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು.

ಹಿಂದೆ ಬಟ್ಟೆಯ ಮೂಟೆ ಪೇರಿಸುತ್ತಿದ್ದ ಉದ್ದನೆಯ ಕೋಣೆ. ಗೋಡೆಯಾಚೆ ಹೊಲಿಗೆ ಯಂತ್ರಗಳ ಗಡಗಡ ಸದ್ದು. ಮಕ್ಕಳಿಗೆ ಅದೇ ಜೋಗುಳ. ಕರೆಂಟು ಹೋಗಿ ಯಂತ್ರ ನಿಂತರೆ ಮಲಗಿದ್ದವೆಲ್ಲ ಒಟ್ಟಿಗೆ ಎದ್ದು ಕೂತು ಅಳಲು ಶುರುಮಾಡುತ್ತಿದ್ದವು. ಅತ್ತೆ ಬಂದ ಮೇಲೆ ಆ ಕೋಣೆಗೆ ಶಿಸ್ತು ಬಂತು. ಬಾಗಿಲ ಬಳಿ ಅಂಗೈ ಅಗಲದ ಚಪ್ಪಲಿಗಳು ಸಾಲಾಗಿ ಕೂತವು. ಬರಿಗಾಲಲ್ಲಿ ಅಂಗಳಕ್ಕೆ ಇಳಿದವರ ಕಿವಿ ಕೆಂಪಾಯಿತು. ಉಗುರು ಬೆಳೆಸಿಕೊಂಡು ಬಂದ ಮಗುವಿಗಿಂತ ಅದರ ಅಮ್ಮನಿಗೇ ಮಂಗಳಾರತಿ ಜಾಸ್ತಿ.

ಅಲ್ಲಿನ ಮಕ್ಕಳಲ್ಲಿ ಹಲವರಿಗೆ ಜಂತುಹುಳದ ಕಾಟವಿತ್ತು. ಹೊಟ್ಟೆ ಉಬ್ಬರ, ಮುಖ ಬಿಳಚಿಕೊಂಡು ಸಪ್ಪೆ, ತಿಂದದ್ದು ಮೈಗೆ ಹತ್ತದು. ಸಿಹಿ ತಿಂದರೆ ಹುಳವಾಗುತ್ತದೆಂದು ತಾಯಂದಿರು ಬೆಲ್ಲ, ಸಕ್ಕರೆ ಬಚ್ಚಿಡುತ್ತಿದ್ದರು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದು, ಹುಳ ಬರುವುದು ಕೊಳೆ ಕೈಯಿಂದ, ತೊಳೆಯದ ಕಾಯಿಪಲ್ಯದಿಂದ, ಹೇಸಿಗೆ ಬಿದ್ದ ಮಣ್ಣನ್ನು ಬರಿಗಾಲಲ್ಲಿ ತುಳಿಯುವುದರಿಂದ ಎಂದು ವಿವರಿಸಿದರು. ಎಲ್ಲ ಮಕ್ಕಳಿಗೂ ಒಂದೇ ದಿನ ಮಾತ್ರೆ ಕೊಡುವುದೆಂದು ನಿಗದಿಯಾಯಿತು. ಅದಕ್ಕೂ ಮುಂಚೆ ಅವರು ಅತ್ತೆಯನ್ನು ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟರು: ಒಂದು ವರ್ಷ ತುಂಬದ ಕೂಸಿಗೆ ಕೊಡುವುದೇ ಇಲ್ಲ, ಎರಡು ತುಂಬುವವರೆಗೆ ಅರ್ಧ, ಆಮೇಲೆ ಒಂದು. ಸಣ್ಣ ಮಕ್ಕಳಿಗೆ ಪುಡಿ ಮಾಡಿ ನೀರಲ್ಲಿ ಕಲಸಿಯೇ ಕೊಡಬೇಕು. ಜ್ವರದಲ್ಲಿರುವ ಮಗುವಿಗೆ ಅವತ್ತು ಬೇಡ. ಅಳುವ ಮಗುವಿನ ಬಾಯಿಗೆ ತುರುಕಲೇಬಾರದು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಮಗುವನ್ನು ಹೇಗೆ ಹಿಡಿಯಬೇಕೆಂಬುದನ್ನೂ ಒಂದು ಬಟ್ಟೆಯ ಗೊಂಬೆಯ ಮೇಲೆ ಮಾಡಿ ತೋರಿಸಿದರು. ಅತ್ತೆ ಆ ಗೊಂಬೆಯನ್ನು ಮನೆಗೇ ತಂದು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟುತ್ತಾ ಕೂತರು. ನನ್ನ ಗಂಡ, “ಅಮ್ಮಾ, ಆ ಗೊಂಬೆ ಏನು ತಪ್ಪು ಮಾಡ್ತು, ಹಾಗೆ ಬಡೀತಿದ್ದೀಯ?” ಎಂದು ನಕ್ಕಿದ್ದ.

ಮಾತ್ರೆಯ ದಿನ ಬಂತು. ಊಟದ ಬಿಡುವಿನಲ್ಲೇ ಮುಗಿಸಬೇಕೆಂದು ಸೂಪರ್‌ವೈಸರ್ ಕಟ್ಟಪ್ಪಣೆ ಮಾಡಿದ್ದ. ತಾಯಂದಿರು ಒಟ್ಟಿಗೇ ನುಗ್ಗಿದರು. ನಾನೂ ನೀರಿನ ಜಗ್ಗು ಹಿಡಿದು ನಿಂತಿದ್ದೆ. ನರ್ಸಮ್ಮ ಆ ತುದಿಯಲ್ಲಿ ದೊಡ್ಡ ಮಕ್ಕಳಿಗೆ, ಎದುರಿಗೇ ಅಗಿದು ನುಂಗಿ ಎಂದು ಕೊಡುತ್ತಿದ್ದರು. ಈ ತುದಿಯಲ್ಲಿ ಅತ್ತೆ ಎರಡು ಸ್ಟೀಲ್ ಚಮಚಗಳ ನಡುವೆ ಮಾತ್ರೆ ಇಟ್ಟು ಅದುಮಿ ಪುಡಿಮಾಡುತ್ತಿದ್ದರು. ಪುಡಿಯಾಗಲು ಸ್ವಲ್ಪ ಹೊತ್ತು ಬೇಕಲ್ಲ, ಸಾಲು ಬೆಳೆಯಿತು. ಬಾಗಿಲಲ್ಲಿ ನಿಂತ ಸೂಪರ್‌ವೈಸರ್ ಗಡಿಯಾರ ನೋಡಿ ನೋಡಿ, “ಬೇಗ ಬೇಗ! ಮಾತ್ರೆ ತಾನೇ, ಬಾಯಿಗೆ ಹಾಕಿ ನೀರು ಕುಡಿಸಿದ್ರೆ ಆಯ್ತು!” ಎಂದು ಕೂಗುತ್ತಲೇ ಇದ್ದ.

ಸಾಲಿನಲ್ಲಿ ಗುಂಡಿ ಹಚ್ಚುವ ವಿಭಾಗದ ಹೆಂಗಸೊಬ್ಬಳು ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಆ ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಎರಡು ತುಂಬಿ ಸ್ವಲ್ಪವೇ ಆಗಿತ್ತು. ಗದ್ದಲಕ್ಕೆ ಹೆದರಿ ಕಿರುಚಿ ಅಳುತ್ತಿತ್ತು. ತಾಯಿಗೆ ತಡವಾದರೆ ಬೈಗುಳ ತಪ್ಪದು. ಮೇಜಿನ ಮೇಲಿದ್ದ ಇಡೀ ಮಾತ್ರೆಯೊಂದನ್ನು ತೆಗೆದುಕೊಂಡವಳೇ ಮಗಳ ಮೂಗು ಹಿಡಿದು, ಬಾಯಿಗೆ ಒತ್ತಿಬಿಟ್ಟಳು.

ಅಳು ಥಟ್ಟನೆ ನಿಂತಿತು. ಅತ್ತೆ ತಲೆಯೆತ್ತಿದ್ದು ಅದಕ್ಕೇ. ಅಷ್ಟು ಜೋರಾಗಿ ಅಳುವ ಮಗು ಒಮ್ಮೆಲೇ ಸುಮ್ಮನಾಗುವುದುಂಟೇ? ಗುಬ್ಬಿ ಬಾಯಿ ತೆರೆದಿದ್ದಳು, ಸದ್ದಿಲ್ಲ. ಕಣ್ಣು ಹೊರಬಂದಂತಿತ್ತು, ತುಟಿ ನೀಲಿಗಟ್ಟುತ್ತಿತ್ತು. ತಾಯಿ ಬಾಯಿಯೊಳಗೆ ಬೆರಳು ಹಾಕಲು ಹೋದಳು.

“ಬೆರಳು ಹಾಕ್ಬೇಡ! ಇನ್ನೂ ಒಳಗೆ ಹೋಗುತ್ತೆ!”

ಅತ್ತೆ ಮೇಜನ್ನು ಸರಿಸಿ ಬಂದದ್ದೇ ಗೊತ್ತಾಗಲಿಲ್ಲ. ಮಗುವನ್ನು ಕಿತ್ತುಕೊಂಡು ನೆಲಕ್ಕೆ ಕೂತರು. ತೊಡೆಯ ಮೇಲೆ ಬೋರಲು, ತಲೆ ಕೆಳಗೆ. ಅಂಗೈಯ ಬುಡದಿಂದ ಎರಡು ಹೆಗಲ ನಡುವೆ ಒಂದು ಪೆಟ್ಟು ಕೊಟ್ಟರು. ಮತ್ತೊಂದು. ನರ್ಸಮ್ಮ ಆ ತುದಿಯಿಂದ ಓಡಿಬರುತ್ತಿದ್ದರು. ಇನ್ನೊಂದು ಪೆಟ್ಟು ಬಿದ್ದದ್ದೇ ತಡ, ಮಾತ್ರೆ ಪುಟಿದು ನೆಲದ ಮೇಲೆ ಉರುಳಿತು. ಗುಬ್ಬಿ ಉಸಿರೆಳೆದು ಕಿರುಚಿದಳು. ಅಷ್ಟು ಹಿತವಾದ ಅಳುವನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ನರ್ಸಮ್ಮ ಮಗುವಿನ ಎದೆಗೆ ಕಿವಿಯಿಟ್ಟು, ಮುಖ ನೋಡಿ, ಅತ್ತೆಯ ಭುಜ ಹಿಡಿದುಕೊಂಡರು. “ನೀವು ಒಂದು ಗಳಿಗೆ ತಡ ಮಾಡಿದ್ರೆ...” ಎಂದರು. ಆಮೇಲೆ ಮಗುವನ್ನೂ ತಾಯಿಯನ್ನೂ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಏನೂ ತೊಂದರೆಯಾಗಿರಲಿಲ್ಲ.

ಅತ್ತೆ ಎದ್ದು ಸೀರೆ ಕೊಡವಿಕೊಂಡರು. ನೇರ ಬಾಗಿಲವರೆಗೆ ಹೋಗಿ ಸೂಪರ್‌ವೈಸರ್ ಎದುರು ನಿಂತರು.

“ಸಾರ್, ಇವತ್ತು ಮುಗಿಯಲ್ಲ. ಅಳೋ ಮಗೂಗೆ ನಾನು ಕೊಡಲ್ಲ. ಪುಡಿ ಮಾಡ್ದೆ ಕೊಡಲ್ಲ. ಬಿಡುವು ಸಾಲ್ದಿದ್ರೆ ನಾಳೆ ಕೊಡ್ತೀವಿ, ನಾಳಿದ್ದು ಕೊಡ್ತೀವಿ. ಹುಳ ಎಲ್ಲೂ ಓಡಿಹೋಗಲ್ಲ.”

ಎದುರು ಮಾತಾಡಿ ಅಭ್ಯಾಸವೇ ಇಲ್ಲದ ಹೆಂಗಸು ನಮ್ಮ ಅತ್ತೆ. ಸೂಪರ್‌ವೈಸರ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. “ಆಯ್ತಮ್ಮ, ನಿಮಗೆ ಸರಿ ಕಂಡ ಹಾಗೆ ಮಾಡಿ” ಎಂದವನು, ಮಿಕ್ಕ ದಿನಗಳಲ್ಲಿ ತಾಯಂದಿರನ್ನು ನಾಲ್ಕು ನಾಲ್ಕು ಜನರಂತೆ ತಾನೇ ಕಳಿಸಿಕೊಟ್ಟ.

ಗುಬ್ಬಿಯ ತಾಯಿ ಮಾತ್ರ ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಾತ್ರೆಯಲ್ಲೇ ವಿಷವಿತ್ತಂತೆ ಎಂದು ಯಾರೋ ಕಿಡಿ ಹಚ್ಚಿದ್ದರು. ತಾಯಂದಿರು ಹಿಂದೆಮುಂದೆ ನೋಡತೊಡಗಿದರು. ಅತ್ತೆ ಸಂಜೆ ಕೆಲಸ ಮುಗಿಸಿ ನನ್ನನ್ನು ಕರೆದುಕೊಂಡು ಗುಬ್ಬಿಯ ತಾಯಿಯ ಮನೆಗೆ ಹೊರಟರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಅವಳು ಬಾಗಿಲು ತೆರೆದವಳೇ ಮುಖ ಮುಚ್ಚಿಕೊಂಡಳು.

“ನನ್ನ ಕೈಯಾರೆ ಕೊಲ್ತಿದ್ದೆನಲ್ಲಮ್ಮ. ಯಾವ ಮುಖ ಹೊತ್ಕೊಂಡು ಬರ್ಲಿ?”

“ಇದೇ ಮುಖ ಹೊತ್ಕೊಂಡು ಬಾ. ನಿನ್ನ ಮಗಳು ಬೇರೆ ಮುಖ ಕಂಡ್ರೆ ಅಳ್ತಾಳೆ” ಎಂದರು ಅತ್ತೆ, ಚಾಪೆಯ ಮೇಲೆ ಕೂರುತ್ತಾ. “ನೋಡವ್ವ, ಮಾತ್ರೆ ಕೆಟ್ಟದ್ದಲ್ಲ, ನೀನೂ ಕೆಟ್ಟವಳಲ್ಲ. ಅವಸರ ಕೆಟ್ಟದ್ದು. ಹುಳ ಇರೋ ಮಕ್ಕಳಿಗೆ ಮಾತ್ರೆ ತಗೊಂಡ್ಮೇಲೆ ಒಂದಿಷ್ಟು ಹೊಟ್ಟೆ ನುಲಿಯಬಹುದು, ವಾಂತಿ ಬರೋ ಹಾಗಾಗಬಹುದು. ಮಲಗಿಸಿ ನೀರು ಕೊಟ್ರೆ ತಾನೇ ಸರಿಹೋಗುತ್ತೆ. ಹೋಗದಿದ್ರೆ ನರ್ಸಮ್ಮ ಇದ್ದಾರೆ. ಯಾವುದನ್ನೂ ಮುಚ್ಚಿಡೋದು ಬೇಡ.”

ಗುಬ್ಬಿ ಅಷ್ಟರಲ್ಲಿ ಅತ್ತೆಯ ಮಡಿಲು ಸೇರಿ ಅವರ ಬಳೆ ಎಣಿಸುತ್ತಿದ್ದಳು. ಮರುದಿನ ತಾಯಿ ಮಗಳು ಬಂದರು. ಅತ್ತೆ ಮಗುವನ್ನು ನೆಟ್ಟಗೆ ಕೂರಿಸಿ ಕಥೆ ಹೇಳುತ್ತಾ, ಅದು ನಗುವವರೆಗೆ ಕಾದು, ಕಲಸಿದ ಪುಡಿಯನ್ನು ಚಮಚದಲ್ಲಿ ಕೊಟ್ಟರು. ಗುಬ್ಬಿ ಚಪ್ಪರಿಸಿ, “ಪುಡಿ ಅಮ್ಮಾ, ಇನ್ನೂ!” ಎಂದಳು. ಕೋಣೆಯೆಲ್ಲ ನಕ್ಕಿತು. ಹೆಸರು ಅವತ್ತೇ ಅಂಟಿಕೊಂಡಿತು.

“ಇನ್ನೂ ಇಲ್ಲ ಕಣೇ, ಒಂದೇ” ಎಂದರು ಅತ್ತೆ. ಆ ಮಾತನ್ನು ಅವರು ದೊಡ್ಡವರಿಗೂ ಹೇಳಬೇಕಾಗುತ್ತಿತ್ತು. “ನನ್ನ ಮಗ ಇಬ್ಬರ ಊಟ ಮಾಡ್ತಾನೆ, ಎರಡು ಕೊಡಿ” ಎಂದಳು ಒಬ್ಬ ತಾಯಿ. “ಒಂದಕ್ಕೇ ಸತ್ತ ಹುಳ ಎರಡು ಕೊಟ್ರೆ ಎರಡು ಸಲ ಸಾಯುತ್ತಾ? ಮುಂದಿನ ಸರದಿ ಬಂದಾಗ ಕೊಡೋಣ ಹೋಗು!” ಎಂದು ಅತ್ತೆ ಅವಳನ್ನು ಕಳಿಸಿದರು.

ಆ ಮುಂದಿನ ಸರದಿಯಲ್ಲಿ ಹೆಣ್ಣಾಳುಗಳಿಗೂ ಮಾತ್ರೆ ಕೊಡುವುದಾಯಿತು. ನಾನೂ ಸಾಲಿನಲ್ಲಿ ನಿಂತೆ. ನರ್ಸಮ್ಮನ ಪಕ್ಕದಲ್ಲಿ ಕೂತಿದ್ದ ಅತ್ತೆ ಪ್ರತಿಯೊಬ್ಬಳನ್ನೂ ಹತ್ತಿರ ಕರೆದು ಕಿವಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ನನ್ನನ್ನೂ ಕೇಳಿದರು, ಸೊಸೆಯೆಂದು ಬಿಡಲಿಲ್ಲ. “ಮುಟ್ಟಾಗಿದ್ದು ಯಾವಾಗ?” ನಾನು ಲೆಕ್ಕ ಹಾಕಿದೆ, ಮತ್ತೆ ಹಾಕಿದೆ, ಕೊನೆಗೆ ನೆಲ ನೋಡಿದೆ. ಅತ್ತೆ ನನ್ನ ಅಂಗೈಯಲ್ಲಿದ್ದ ಮಾತ್ರೆಯನ್ನು ಮೆಲ್ಲಗೆ ತೆಗೆದುಕೊಂಡರು. “ನಿನಗೆ ಈಗ ಬೇಡ ಕಣಮ್ಮ. ಮೊದಲ ತಿಂಗಳುಗಳಲ್ಲಿ ಇದು ಕೂಡದು. ಡಾಕ್ಟರ್ ಹತ್ರ ಹೋಗೋಣ, ನಡಿ” ಎಂದು ನನ್ನ ತಲೆ ಸವರಿದರು. ಊರಿಗೆಲ್ಲ ಕೇಳುವ ಪ್ರಶ್ನೆಯಿಂದ ನಮ್ಮ ಮನೆಗೇ ಸಿಹಿ ಸುದ್ದಿ ಬಂದಿತ್ತು.

ವರ್ಷ ಕಳೆದಂತೆ ಮಕ್ಕಳ ಮುಖಕ್ಕೆ ಬಣ್ಣ ಬಂತು. ನರ್ಸಮ್ಮ ಸುತ್ತಲಿನ ಕಾರ್ಖಾನೆಗಳ ಆಯಾಗಳನ್ನೆಲ್ಲ ಸೇರಿಸಿ, ಹೇಳಿಕೊಡಲು ಅತ್ತೆಯನ್ನೇ ನಿಲ್ಲಿಸಿದರು. ಮೊದಮೊದಲು ಸೆರಗು ಹಿಂಡುತ್ತಿದ್ದ ಅತ್ತೆ, ಗುಬ್ಬಿಯ ತಾಯಿ ತಾನಾಗಿಯೇ ಎದ್ದು ಬಂದು ಪಕ್ಕದಲ್ಲಿ ನಿಂತು, “ತುರುಕಿದ ಕೈ ಇದು, ತೆಗೆದ ಕೈ ಇವರದು” ಎಂದಾಗ ಚೇತರಿಸಿಕೊಂಡರು. ಆಮೇಲೆ ಇಬ್ಬರೂ ಸೇರಿ ಮಧ್ಯಾಹ್ನವಿಡೀ ಹೇಳಿಕೊಟ್ಟರು. ಈಗ ಮಕ್ಕಳ ಕೋಣೆಗೆ ಎರಡನೆಯ ಆಯಾ ಅವಳೇ. ಬೇಕೆಂದು ಕೇಳಿ ಹಾಕಿಸಿಕೊಂಡವರು ಅತ್ತೆ.

ನನ್ನ ಮಗನೂ ಅದೇ ಕೋಣೆಯಲ್ಲಿ ಬೆಳೆಯುತ್ತಿದ್ದಾನೆ. ಮೊನ್ನೆ ಮಾತ್ರೆಯ ದಿನ ಅವನನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದೆ. ಅತ್ತೆ ಮೊಮ್ಮಗನ ಹಣೆ ಮುಟ್ಟಿ ನೋಡಿದರು. “ಮೈ ಬೆಚ್ಚಗಿದೆ. ಜ್ವರ ಬಿಟ್ಟ ಮೇಲೆ ಕರ್ಕೊಂಡು ಬಾ” ಎಂದು ಪಕ್ಕಕ್ಕೆ ಸರಿಸಿ, ಹಿಂದಿನ ಮಗುವಿಗೆ ಕೈ ಚಾಚಿದರು. ಆ ಮಗುವಿನ ತಾಯಿ ಹೊಸಬಳು. “ಅಬ್ಬಾ, ಭಾರಿ ಕಟ್ಟುನಿಟ್ಟು! ಯಾರ್ರೀ ಅವರು?” ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದಳು.

ನಾನು ಪಿಸುಗುಟ್ಟಲಿಲ್ಲ. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆಯೇ ಹೇಳಿದೆ: “ಅವರು ನಮ್ಮತ್ತೆ.”