ಒಂದು ಕಾಲ್ಬೆರಳು ಕೇಳಿದ್ದೆ

ಇದು ನಡೆದಾಗ ನನಗೆ ಅರುವತ್ತೊಂಬತ್ತು ವರ್ಷ. ಅದಾಗಿ ನಾಲ್ಕು ವರ್ಷ ಕಳೆಯಿತು. ನಾನು ಬೆಳ್ಮಣ್ಣಿನ ಹತ್ತಿರ ಮಲ್ಲಿಗೆ ಬೆಳೆಸುವವಳು. ಶಾಲೆಗೆ ಹೋದದ್ದು ಎರಡನೆಯ ಕ್ಲಾಸಿನವರೆಗೆ ಮಾತ್ರ. ಕಾಪುವಿನ ಗುಡಿಯ ಅಮ್ಮನನ್ನು ನಂಬಿದವರು ಓದಲಿ ಎಂದು ಬರೆದಿದ್ದೇನೆ. ತಪ್ಪುಗಳನ್ನು ಮಗಳು ವನಜ ತಿದ್ದಿದ್ದಾಳೆ.

ವನಜನ ಮಗಳು ನಿಶ್ಮಿತಾ. ವನಜ ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು, ಮಗುವನ್ನು ನೋಡಿಕೊಳ್ಳುವ ಕೆಲಸ ನನ್ನದು. ಅದು ಒಂದು ಕಡೆ ಕೂರುವ ಮಗುವೇ ಅಲ್ಲ. ಹೂ ಕಟ್ಟುವಾಗ ನಾವು ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಳ್ಳುವುದು. ನಾನು ಅವಳ ಬೆರಳಿಗೇ ಸಿಕ್ಕಿಸುತ್ತಿದ್ದೆ. ಹಾಗಾದರೂ ಕೂತಿರಲಿ ಎಂದು. ಅವಳು ಬೆರಳು ಮಡಚಿ ನಾರು ಎಳೆದು, ನನ್ನ ಗಂಟು ತಪ್ಪಿಸಿ ನಗುತ್ತಿದ್ದಳು. ಪೆಟ್ಟೂ ತಿನ್ನುತ್ತಿದ್ದಳು.

ಇಂಥವಳನ್ನು ಶಾಲೆಯ ಆಟದ ಮಾಸ್ಟ್ರು ರಗ್ಬಿಗೆ ಸೇರಿಸಿದರು. ಮೊಟ್ಟೆಯ ಹಾಗಿನ ಚೆಂಡು. ಒಬ್ಬಳು ಹಿಡಿದುಕೊಂಡು ಓಡಬೇಕು, ಉಳಿದವರು ಹಾರಿ ಬಿದ್ದು ಅವಳನ್ನು ಕೆಡವಬೇಕು.

"ಇದು ಆಟವಾ, ಜಗಳವಾ?" ಎಂದು ಕೇಳಿದೆ.

"ಎರಡೂ ಹೌದು ಅಜ್ಜಿ. ಅದಕ್ಕೇ ನಂಗೆ ಖುಷಿ."

ಕಾಪು ಕಡಲಿನ ದೀಪಸ್ತಂಭದ ಕೆಳಗೆ, ಕಾಲು ಹೂತುಹೋಗುವ ಹೊಯಿಗೆಯಲ್ಲಿ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡಳು. ಮೊದಲು ಜಿಲ್ಲೆ, ಆಮೇಲೆ ರಾಜ್ಯ, ಕಾಲೇಜು ಮುಗಿಯುವ ಮೊದಲೇ ಇಂಡಿಯಾ ಎಂದು ಬರೆದ ಅಂಗಿ. ವಿಮಾನದಲ್ಲಿ ಹೊರದೇಶಕ್ಕೆ ಹೋಗಿ ಆಡಿದಳು. ಒಮ್ಮೆ ಮೂಗು ಮುರಿದುಕೊಂಡು ಬಂದಳು, ಒಮ್ಮೆ ಭುಜ ಜಾರಿಸಿಕೊಂಡು ಬಂದಳು, ಒಮ್ಮೆ ಪದಕ ತಂದಳು. ಪದಕವನ್ನು ಅಮ್ಮನ ಫೋಟೋಕ್ಕೆ ಹಾಕಿದೆವು. ಆಚೆಮನೆಯವಳು, "ಮದುವೆ ಆಗ್ಲಿಕ್ಕುಂಟಲ್ವಾ ಹುಡುಗಿಗೆ, ಹಲ್ಲಾದ್ರೂ ಉಳಿಸ್ಲಿಕ್ಕೆ ಹೇಳಿ" ಎಂದಳು. "ನಿನ್ನ ಮಗನ ಬಾಯಲ್ಲಿ ಎಷ್ಟು ಉಳಿದಿದೆ, ಮೊದ್ಲು ಅದನ್ನು ನೋಡು" ಎಂದೆ.

ಮತ್ತೊಮ್ಮೆ ಹೊರದೇಶಕ್ಕೆ ಹೊರಡುವುದಿತ್ತು. ಅದಕ್ಕೆ ಮೊದಲು ಉಡುಪಿಯಲ್ಲಿ ಅಭ್ಯಾಸದ ಆಟ. ಇಬ್ಬರು ಒಟ್ಟಿಗೆ ಬಂದು ಕೆಡವಿದರಂತೆ. ತಲೆ ನೆಲಕ್ಕೆ ಊರಿ ಕುತ್ತಿಗೆ ಮಡಚಿತು. ಅವರಿಬ್ಬರೂ ಎದ್ದರು, ಇವಳು ಏಳಲಿಲ್ಲ. ಫೋನು ಬಂದಾಗ ನಾನು ಗಿಡಗಳಿಗೆ ನೀರು ಬಿಡುತ್ತಿದ್ದೆ. ಪೈಪನ್ನು ಅಲ್ಲೇ ಬಿಸಾಡಿ ಬಸ್ಸು ಹತ್ತಿದೆ.

ಮಣಿಪಾಲದಲ್ಲಿ ಕುತ್ತಿಗೆಗೆ ಆಪರೇಷನ್ ಆಯಿತು. ಕೈಗಳು ಅಷ್ಟಿಷ್ಟು ಬಂದವು. ಸೊಂಟದಿಂದ ಕೆಳಗೆ ಏನೂ ಇಲ್ಲ. ಡಾಕ್ಟ್ರು ದಿನಾ ಬಂದು ಪಾದಕ್ಕೆ ಪಿನ್ನು ಚುಚ್ಚುವುದು, "ಗೊತ್ತಾಗ್ತದಾ?" ಎನ್ನುವುದು. "ಇಲ್ಲ ಸರ್." ಮರುದಿನವೂ ಅದೇ. ವನಜ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು.

ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿದ್ದರಿಂದ ನಿಶ್ಮಿತಾಳಿಗೆ ಕಾಣುತ್ತಿದ್ದದ್ದು ಮೇಲಿನ ಮಾಡು ಮಾತ್ರ. ಒಂದು ದಿನ ಕೇಳಿದಳು, "ಅಜ್ಜಿ, ನನ್ನ ಕಾಲು ಮಂಚದ ಮೇಲೆ ಉಂಟಾ? ಸರಿ ನೋಡಿ ಹೇಳು."

"ಉಂಟು."

"ನಂಗೆ ಇಲ್ಲ." ಮತ್ತೆ ಹೇಳಿದಳು, "ನನ್ನನ್ನು ಮನೆಗೆ ಕರ್ಕೊಂಡು ಹೋಗ್ಬೇಡಿ. ಎತ್ತಿ ಮಲಗಿಸ್ಲಿಕ್ಕೆ ನಿಮ್ಮಿಬ್ಬರಿಂದ ಆಗ್ಲಿಕ್ಕಿಲ್ಲ. ಇಲ್ಲೇ ಮುಗ್ದು ಹೋಗ್ಲಿ."

ನಾನು ಹೊದಿಕೆ ಎಳೆದು ಅವಳ ಕಾಲುಗಳನ್ನು ಮುಚ್ಚಿದೆ.

ಪ್ರತಿ ಮಂಗಳವಾರ ಕಾಪುವಿಗೆ ಹೋಗಿ ಅಮ್ಮನಿಗೆ ಹೂ ಕೊಡುವುದನ್ನು ನಾನು ಮದುವೆಯಾಗಿ ಬಂದಂದಿನಿಂದ ಅಲ್ಲಿಯವರೆಗೆ ಬಿಟ್ಟವಳಲ್ಲ. ಆ ಮಂಗಳವಾರ ಹೂ ಕೊಟ್ಟು ಕೈಮುಗಿಯದೆ ನಿಂತೆ. "ಅಮ್ಮಾ, ಪದಕ ಬೇಡ, ಆಟ ಬೇಡ, ಓಡುವುದೂ ಬೇಡ. ಒಂದು ಕಾಲ್ಬೆರಳು ಅಲ್ಲಾಡಿಸು. ಅದೂ ಆಗದಿದ್ದರೆ ಅವಳನ್ನು ಕರೆದುಕೊಂಡು ಹೋಗು. ನಡುವೆ ಇಟ್ಟು ಸತಾಯಿಸಬೇಡ" ಎಂದೆ.

"ಅಜ್ಜಿ, ಸ್ವಲ್ಪ ಮುಂದೆ ಹೋಗಿ" ಎಂದ ಸಾಲಿನಲ್ಲಿ ನನ್ನ ಹಿಂದಿದ್ದವನು.

"ನಿಲ್ಲು ಮಾರಾಯ, ನನ್ನದು ಮುಗೀಲಿಲ್ಲ."

ವಾರವಿಡೀ ಪಿನ್ನು, ವಾರವಿಡೀ "ಇಲ್ಲ ಸರ್."

ಮುಂದಿನ ಮಂಗಳವಾರ ಡಾಕ್ಟ್ರು ಬೇಗ ಬರಲು ಹೇಳಿದ್ದರು. ಹೂ ಕಟ್ಟಲು ಹೊತ್ತಿಲ್ಲ. ಮೊಗ್ಗು ಕೊಯ್ದು ಬಾಳೆಲೆಯಲ್ಲಿ ಸುತ್ತಿ, ನಾರು ಸಮೇತ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟ್ರು, "ಇಲ್ಲಿ ಮಾಡುವುದು ಇನ್ನೇನೂ ಇಲ್ಲ ಅಜ್ಜಿ. ಮನೆಗೆ ಕರ್ಕೊಂಡು ಹೋಗಿ, ಗಾಲಿಕುರ್ಚಿಗೆ ವ್ಯವಸ್ಥೆ ಮಾಡಿ" ಎಂದರು. ವನಜ ಅಲ್ಲೇ ಕುಸಿದಳು. ಅವಳಿಗೆ ನೀರು ಕುಡಿಸಿ ಬೆಂಚಿನಲ್ಲಿ ಮಲಗಿಸಿ ಒಳಗೆ ಬಂದೆ.

ಮೊಗ್ಗು ಅರಳುವ ಮೊದಲು ಕಟ್ಟಬೇಕು. ಏನೇ ಆದರೂ ಮಂಗಳವಾರದ ಹೂ ತಪ್ಪಬಾರದು. ಮೊಣಗಂಟು ನೋವಿನಿಂದ ನನಗೆ ನೆಲದಲ್ಲಿ ಕೂರಲು ಆಗುವುದಿಲ್ಲ. ಮಂಚದ ಕಾಲಬದಿ ಸ್ಟೂಲಿನಲ್ಲಿ ಕೂತೆ. ಹೊದಿಕೆಯಿಂದ ಅವಳ ಬಲಗಾಲು ಹೊರಗಿತ್ತು. ಕೈ ಹಳೆಯ ಅಭ್ಯಾಸದಂತೆ ಹೆಬ್ಬೆರಳಿಗೆ ನಾರು ಸಿಕ್ಕಿಸಿತು.

ನರ್ಸು ನೋಡಿದಳು. "ಎಂತ ಅಜ್ಜಿ ಇದು? ಪೇಷೆಂಟಿನ ಕಾಲಿಗೆ ಎಂತ ಕಟ್ಟಿದ್ದೀರಿ?"

"ಗೊತ್ತಾಗದ ಕಾಲು ಅಲ್ವಾ? ನಿನಗೆಂತ ಕಷ್ಟ?" ಎಂದೆ. ಸಿಟ್ಟು ಅವಳ ಮೇಲಲ್ಲ, ಅಮ್ಮನ ಮೇಲೆ. ಪ್ರತಿ ಗಂಟನ್ನೂ ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆ.

ದಿಂಬಿನ ಕಡೆಯಿಂದ ಸ್ವರ ಬಂತು. "ಅಜ್ಜಿ, ಮೆಲ್ಲ ಎಳಿ. ಕೊಯ್ತದೆ."

ನಾನು ಎಳೆಯುವುದನ್ನು ನಿಲ್ಲಿಸಿದೆ. "ಎಲ್ಲಿ ಕೊಯ್ತದೆ?"

"ಹೆಬ್ಬೆರಳಲ್ಲಿ."

"ಯಾವ ಕಾಲು?"

"ಬಲಗಾಲು." ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. "ಅಜ್ಜೀ..."

ನಾನು ನಂಬಲಿಲ್ಲ. "ಹಾಗಾದ್ರೆ ಎಳಿ. ಮೊದಲಿನ ಹಾಗೆ ನನ್ನ ಗಂಟು ತಪ್ಪಿಸು ನೋಡುವ."

ಅವಳ ಹಣೆಯಲ್ಲಿ ಬೆವರು ಬಂತು. ಏನೂ ಆಗಲಿಲ್ಲ. ನರ್ಸೂ ಉಸಿರು ಹಿಡಿದು ನಿಂತಿದ್ದಳು. ಬಿಟ್ಟುಬಿಡು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ನಾರು ಬಿಗಿಯಾಯಿತು. ಗಂಟು ತಪ್ಪಿ ಮೊಗ್ಗುಗಳು ನೆಲಕ್ಕೆ ಬಿದ್ದವು.

ನರ್ಸು ಓಡಿದಳು. ಡಾಕ್ಟ್ರು ಬಂದರು. ಪಿನ್ನು ತೆಗೆಯಲಿಲ್ಲ. ನಾರನ್ನೇ ನೋಡುತ್ತ, "ಇನ್ನೊಮ್ಮೆ" ಎಂದರು. ಅವಳು ಇನ್ನೊಮ್ಮೆ ಎಳೆದಳು. "ಮನೆಗೆ ಈಗ ಬೇಡ" ಎಂದರು.

ಈಗ ಅವಳು ನಡೆಯುತ್ತಾಳೆ, ಎಡಗಾಲು ಸ್ವಲ್ಪ ಎಳೆಯುತ್ತದೆ. ಇಂಡಿಯಾದ ಅಂಗಿ ಹಾಕಿ ಆಡುವುದು ಮುಗಿಯಿತು. ಕಾಪುವಿನ ಹೊಯಿಗೆಯಲ್ಲಿ ಹುಡುಗಿಯರಿಗೆ ಅದೇ ಆಟ ಕಲಿಸುತ್ತಾಳೆ, ಪೀಪಿ ಊದಿ ಬೈಯುತ್ತಾಳೆ. ಅದು ಡಾಕ್ಟ್ರ ಕೈಗುಣ ಎನ್ನುವವರಿದ್ದಾರೆ. ಅವರ ಕೈಗೂ ನನ್ನ ನಮಸ್ಕಾರ. ಆದರೆ ನಾನು ಕೇಳಿದ್ದು ಕಾಲ್ಬೆರಳು, ಬಂದದ್ದೂ ಕಾಲ್ಬೆರಳು. ಅಮ್ಮನಿಗೆ ಕಿವಿ ಉಂಟು.

ಬೆರಳು ಅಲ್ಲಾಡಿದ ಆ ಮಂಗಳವಾರ ಅಮ್ಮನಿಗೆ ಹೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟಿ, ಕಾಪುವಿಗೆ ಹೋಗಿ ಕೊಟ್ಟೆ. "ನಿನ್ನೆ ಯಾಕೆ ಬರಲಿಲ್ಲವೆಂದು ನಿನಗೇ ಗೊತ್ತುಂಟು" ಎಂದು ಈ ಸಲ ಕೈಮುಗಿದೆ. ಅಲ್ಲಿಂದ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ, ಹೊಸ ನಾರು ತೆಗೆದು ನಿಶ್ಮಿತಾಳ ಎಡಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿದೆ.